ಸಮ ದಿನದ ಕಡೆಯವಳು

ನನಗಾಗ ಅರವತ್ತು. ಏಳು ವರ್ಷದ ಹಿಂದಿನ ಮಾತು. ಶ್ರಾವಣದಲ್ಲಿ ಗುಬ್ಬಿಯ ನಮ್ಮ ಪೇಟೆ ಬೀದಿಗೆ ಪಾರ್ಕಿಂಗ್ ಬೋರ್ಡು ನೆಟ್ಟರು. ಸಮ ದಿನ ಗಾಡಿಗಳೆಲ್ಲ ಬಟ್ಟೆ ಅಂಗಡಿ ಸಾಲಿನಲ್ಲಿ ನಿಲ್ಲಬೇಕು, ಬೆಸ ದಿನ ಪಾತ್ರೆ ಅಂಗಡಿ ಸಾಲಿನಲ್ಲಿ. ಪಾತ್ರೆ ಅಂಗಡಿ ಸಾಲಿನಲ್ಲಿ ನಾನು ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದೆ. ಬಟ್ಟೆ ಅಂಗಡಿ ಸಾಲಿನಲ್ಲಿ, ನನಗೆ ಸರಿಯಾಗಿ ಎದುರಿಗೆ, ಅವಳು. ಅವಳೂ ಹೂವಿನವಳೇ.

ಅವಳ ಹೆಸರು ಬರೆಯುವುದಿಲ್ಲ. ಸತ್ತು ಮೂರು ತಿಂಗಳಾಗಿದೆ. ಹೆಸರು ಹಾಕಿದರೆ ಅವಳ ಕಡೆಯವರು ಜಗಳಕ್ಕೆ ಬರುತ್ತಾರೆ, ಇಲ್ಲವೇ ಫೋಟೋನೂ ಹಾಕಿ ಅಂತ ಬರುತ್ತಾರೆ. ಎರಡೂ ನನಗೆ ಬೇಡ. ಅವಳನ್ನು ಹೊಗಳುವುದಕ್ಕೆ ಈ ಬೀದಿಯಲ್ಲಿ ಬೇಕಾದಷ್ಟು ಬಾಯಿಗಳಿವೆ. ನಾನು ನೋಡಿದ್ದನ್ನು ನಾನು ಹೇಳುತ್ತೇನೆ. ಹೊಟ್ಟೆಕಿಚ್ಚು ಅನ್ನುತ್ತಾರೆ. ಅನ್ನಲಿ. ಅದು ಸುಳ್ಳಲ್ಲ.

ಕುಣಿಗಲ್ ಕಡೆಯ ಹೆಣ್ಣು. ಮದುವೆಯಾಗಿ ಗುಬ್ಬಿಗೆ ಬಂದಿದ್ದಳು. ನನಗಿಂತ ಏಳೆಂಟು ವರ್ಷ ಚಿಕ್ಕವಳು. ಉದ್ದ ಆಳು, ನಡೆದರೆ ದಾಪುಗಾಲು. ಕುಣಿಗಲ್ಲಿನಲ್ಲಿ ಕುದುರೆ ಸಾಕುತ್ತಾರೆಂದು ಎಲ್ಲರಿಗೂ ಗೊತ್ತಿರುವುದೇ. ನಾನು ಅವಳಿಗೆ ಕುಣಿಗಲ್ ಕುದುರೆ ಅಂತ ಹೆಸರಿಟ್ಟಿದ್ದೆ. ಒಂದು ದಿನ ಅದು ಅವಳ ಕಿವಿಗೆ ಬಿತ್ತು. ರಸ್ತೆಯ ಆ ಕಡೆಯಿಂದಲೇ ಕೂಗಿದಳು.

“ಏನಕ್ಕ, ನನ್ನ ಕುದುರೆ ಅಂದ್ಯಂತೆ? ಕತ್ತೆ ಅನ್ನಲಿಲ್ವಲ್ಲ, ಅಷ್ಟು ಸಾಕು ಬುಡು.”

ಸಾಲಿಗೆ ಸಾಲೇ ನಕ್ಕಿತು. ಬೈದವಳು ನಾನು, ನಗಿಸಿ ಹೆಸರು ತೆಗೆದುಕೊಂಡವಳು ಅವಳು. ಅವಳ ಜೊತೆ ಏನು ಮಾಡಿದರೂ ಹೀಗೆಯೇ ಆಗುತ್ತಿತ್ತು.

ನಾವು ಹೂವನ್ನು ಅಳೆಯುವುದು ಮೊಳದಲ್ಲಿ. ಮೊಣಕೈಯಿಂದ ನಡುಬೆರಳಿನ ತುದಿಗೆ ಒಂದು ಮೊಳ. ದೇವರು ಅವಳಿಗೆ ಉದ್ದ ಕೈ ಕೊಟ್ಟಿದ್ದ. ನಾನು ಗಿಡ್ಡಿ. ಅವಳ ಮೊಳಕ್ಕೂ ನನ್ನ ಮೊಳಕ್ಕೂ ನಾಲ್ಕು ಬೆರಳು ವ್ಯತ್ಯಾಸ, ರೇಟು ಮಾತ್ರ ಒಂದೇ. “ಆಯಮ್ಮನ ಮೊಳ ದೊಡ್ಡದು ಕಣೇ” ಅಂತ ಹೆಂಗಸರು ನನ್ನೆದುರಿಗೇ ರಸ್ತೆ ದಾಟಿ ಹೋಗುತ್ತಿದ್ದರು. ನಾನೇನು ಮೋಸ ಮಾಡುತ್ತಿದ್ದೆನೇ? ನನ್ನ ಕೈ ಇರುವುದೇ ಅಷ್ಟು. ಕೊನೆಗೆ ನಾನೂ ಅಳೆದ ಮೇಲೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸತೊಡಗಿದೆ. ಆಗ ಜನ “ಈಗ ಸರಿಯಾಗಿ ಕೊಡ್ತಾವ್ಳೆ” ಅಂದರು. ಅಂದರೆ ಮೊದಲು ಸರಿಯಾಗಿ ಕೊಡುತ್ತಿರಲಿಲ್ಲ ಅಂತ ತಾನೇ.

ಬೋರ್ಡು ಬಂದಾಗ ನನಗೆ ಮೊದಲು ಸಮಾಧಾನವೇ ಆಯಿತು. ಯಾಕೆಂದು ಹೇಳುತ್ತೇನೆ. ಗಾಡಿಯವರು ಹೂ ಕೊಳ್ಳುವುದು ಇಳಿದು ಬಂದಲ್ಲ. ಬೈಕನ್ನು ಬುಟ್ಟಿಯ ಪಕ್ಕಕ್ಕೆ ತಂದು, ಇಂಜಿನ್ ಆರಿಸದೆ, ಒಂದು ಕಾಲು ನೆಲಕ್ಕೂರಿ “ಒಂದು ಮೊಳ ಕೊಡಜ್ಜಿ” ಅನ್ನುತ್ತಾರೆ. ತೊಗೊಂಡು ಹೊರಟುಹೋಗುತ್ತಾರೆ. ಅದಕ್ಕೆ ಬುಟ್ಟಿಯ ಮುಂದೆ ಜಾಗ ಖಾಲಿ ಇರಬೇಕು. ಬೇರೆ ಬೈಕುಗಳು ಸಾಲಾಗಿ ನಿಂತರೆ ಅದು ಗೋಡೆ ಎಬ್ಬಿಸಿದ ಹಾಗೆ. ಹಿಂದೆ ಕೂತವಳು ರಸ್ತೆಗೆ ಕಾಣುವುದಿಲ್ಲ. ಮೊದಲೆಲ್ಲ ಎರಡೂ ಕಡೆ ಈ ಗೋಡೆ ಇರುತ್ತಿತ್ತು. ಈಗ ಒಂದು ದಿನ ನನ್ನ ಮುಂದೆ, ಒಂದು ದಿನ ಅವಳ ಮುಂದೆ. ನನಗೆ ಖಾಲಿ ಇದ್ದ ದಿನ ನಾನು ನಾಲ್ಕು ಕಾಸು ನೋಡುತ್ತೇನೆ, ಅವಳಿಗೆ ಖಾಲಿ ಇದ್ದ ದಿನ ಅವಳು. ನ್ಯಾಯವಾಗಿಯೇ ಇದೆ ಅಂದುಕೊಂಡೆ.

ಅವಳ ಕಡೆ ಗಾಡಿ ನಿಲ್ಲುವ ಮೊದಲನೇ ದಿನ ಬಂತು. ಬೆಳಿಗ್ಗೆಯೇ ಬೈಕುಗಳು ಒತ್ತಾಗಿ ನಿಂತುಬಿಟ್ಟವು. ಅವಳ ತಲೆಯೂ ಕಾಣಿಸಲಿಲ್ಲ. ಇವತ್ತು ಇವಳ ಕುದುರೆ ಆಟ ನಿಂತಿತು ಅಂತ ನಾನು ಎಲೆ ಅಡಿಕೆ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಒಂದು ಬೈಕಿನ ಹ್ಯಾಂಡಲಿನಲ್ಲಿ ಕನಕಾಂಬರದ ಮಾಲೆ ನೇತಾಡುತ್ತಿದೆ. ಪಕ್ಕದ ಬೈಕಿನ ಕನ್ನಡಿಗೆ ಕಾಕಡ. ಅದರ ಪಕ್ಕದ್ದಕ್ಕೆ ಸೇವಂತಿಗೆ ಹಾರ. ಸಾಲಾಗಿ ನಿಂತ ಎಲ್ಲ ಬೈಕಿಗೂ ಹೂವು. ರಸ್ತೆಯಲ್ಲಿ ಹೋಗುವವರಿಗೆ ಅವಳು ಕಾಣದಿದ್ದರೇನು, ಹೂವು ಬುಟ್ಟಿಯಲ್ಲಿದ್ದಾಗ ಕಂಡಿದ್ದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಬೈಕಿನವನು ಕೆಲಸ ಮುಗಿಸಿ ವಾಪಸ್ ಬಂದಾಗ ಅವನ ಹ್ಯಾಂಡಲಿನಲ್ಲಿ ಹೂವಿರುತ್ತದಲ್ಲ, ಆಗ ಅವಳು ಎದ್ದು ನಿಂತು, ಮಾಲೆಯ ಕೆಳಗೆ ಅಂಗೈ ಹಿಡಿದು ಕೇಳುತ್ತಿದ್ದಳು:

“ಇಳಿಸ್ಲಾ ಅಣ್ಣ, ಇರ್ಲಾ?”

ಇಳಿಸು ಅನ್ನುವುದಕ್ಕೆ ಯಾವ ಗಂಡಸಿಗೆ ಬಾಯಿ ಬರುತ್ತದೆ? ತನ್ನ ಗಾಡಿಗೆ ಹಾಕಿದ ಹೂವು. ಮನೆಯಲ್ಲಿ ಹೆಂಡತಿ ಇದ್ದಾಳೆ. “ಇರ್ಲಿ ಬಿಡಮ್ಮ” ಅನ್ನುತ್ತಿದ್ದರು. ಬರಬರುತ್ತಾ ಜನ ಗಾಡಿ ನಿಲ್ಲಿಸುವುದಕ್ಕೆ ಅವಳ ಮುಂದಿನ ಜಾಗವನ್ನೇ ಹುಡುಕತೊಡಗಿದರು. ಹೆಲ್ಮೆಟ್ ಅವಳ ಹತ್ತಿರ, ತರಕಾರಿ ಚೀಲ ಅವಳ ಹತ್ತಿರ. ಹ್ಯಾಂಡಲ್ ಲಾಕ್ ಮಾಡದೆ ಬಿಟ್ಟುಹೋಗುತ್ತಿದ್ದರು, ಬೇಕಾದರೆ ಅವಳು ಸರಿಸಿಕೊಳ್ಳಲಿ ಅಂತ. ಅವಳೋ, ಹಸುವಿನ ಬೆನ್ನಿಗೆ ಕೈ ಹಾಕುವ ಹಾಗೆ ಸೀಟಿನ ಮೇಲೆ ಕೈ ಹಾಕಿ “ವಸಿ ಆ ಕಡೆ ಸರ್ಕೋ ಮಗಾ” ಅಂತ ಗಾಡಿಗಳನ್ನು ಮಾತಾಡಿಸಿಕೊಂಡು ಸರಿಸುತ್ತಿದ್ದಳು.

“ಓಡೋ ಗಾಡಿ ಯಾರಿಗೂ ಏನೂ ಕೊಡಾಕಿಲ್ಲ ಕಣಕ್ಕ. ನಿಂತ ಗಾಡಿನೇ ಮೇಲು” ಅಂತ ನನಗೆ ಬುದ್ಧಿ ಬೇರೆ ಹೇಳಿದಳು.

ನಾನು ಕೇಳಿದೆನೇ?

ಆದರೂ ನೋಡೋಣ ಅಂತ ನನ್ನ ಕಡೆ ಗಾಡಿ ನಿಲ್ಲುವ ದಿನ ನಾನೂ ಒಂದು ಹಾರ ನೇತುಹಾಕಿದೆ. ಒಳ್ಳೆಯ ಸೇವಂತಿಗೆ ಹಾರ, ನಡುವೆ ಮರುಗ ಸೇರಿಸಿ ಕಟ್ಟಿದ್ದು. ಬೈಕಿನವನು ಫೋನಿನಲ್ಲಿ ಮಾತಾಡುತ್ತಾ ಬಂದ, ಮಾತಾಡುತ್ತಲೇ ಹತ್ತಿದ, ಹಾರ ಸಮೇತ ಹೊರಟೇಹೋದ. “ನಿಲ್ಲಯ್ಯ, ನನ್ ಹೂವು” ಅಂತ ನಾನು ಹಿಂದೆ ಓಡಿದೆ. ನನ್ನ ಮಂಡಿಗೆ ಓಡುವ ಶಕ್ತಿ ಎಲ್ಲಿದೆ? ಅವಳು ಆ ಕಡೆಯಿಂದ ದಾಪುಗಾಲು ಹಾಕಿ ಬಂದು, ಸರ್ಕಲ್ಲಿನ ತನಕ ಓಡಿ, ಅವನನ್ನು ನಿಲ್ಲಿಸಿ ಹಾರದ ದುಡ್ಡು ಈಸಿಕೊಂಡು ಬಂದು ನನ್ನ ಬುಟ್ಟಿಗೆ ಹಾಕಿದಳು. ನಕ್ಕಿದ್ದರೆ ಬೈಯಬಹುದಿತ್ತು. ನಗಲಿಲ್ಲ.

ಅವಳಲ್ಲಿ ತಪ್ಪಿರಲಿಲ್ಲವೆಂದಲ್ಲ. ಹೂ ಕಟ್ಟುವುದಕ್ಕೆ ಬಾಳೆನಾರು ಮುಗಿದರೆ “ವಸಿ ಕೊಡಕ್ಕ” ಅಂತ ನನ್ನಿಂದ ಒಯ್ಯುತ್ತಿದ್ದಳು, ವಾಪಸ್ ತಂದುಕೊಟ್ಟದ್ದು ನನಗೆ ನೆನಪಿಲ್ಲ. ನಿನ್ನೆಯ ಹೂವಿಗೆ ನೀರು ಚಿಮುಕಿಸಿ ಇವತ್ತಿನದರ ನಡುವೆ ಸೇರಿಸುತ್ತಿದ್ದಳು. ನಾವೆಲ್ಲ ಸೇರಿಸುತ್ತೇವೆ. ಆದರೆ ನನ್ನದನ್ನು ಜನ ಬಿಡಿಸಿ ನೋಡಿ ಮುಖದ ಮೇಲೆ ಹೇಳುತ್ತಿದ್ದರು. ಅವಳದ್ದನ್ನು ಯಾರೂ ಬಿಡಿಸಿ ನೋಡುತ್ತಿರಲಿಲ್ಲ.

ಹೊರಗಿನವರ ಮಾತು ಬಿಡಿ. ನನ್ನ ಮಗಳನ್ನು ಚೇಳೂರಿಗೆ ಕೊಟ್ಟಿದೆ. ಒಂದು ಶುಕ್ರವಾರ ಅಳಿಯ ಬೈಕಿನಲ್ಲಿ ಅವಳನ್ನು ಕರೆದುಕೊಂಡು ಬಂದ. ಸಮ ದಿನ, ಗಾಡಿಯನ್ನು ಆ ಸಾಲಿನಲ್ಲೇ ನಿಲ್ಲಿಸಬೇಕು, ನಿಲ್ಲಿಸಿದ. ಸಂಜೆ ಮನೆಗೆ ಬಂದರೆ ಕೈಯಲ್ಲಿ ಒಂದು ಮಾರು ಕಾಕಡ.

“ಇದೇನಪ್ಪ?” ಅಂದೆ.

“ಆಯಮ್ಮ ಗಾಡಿಗೆ ಹಾಕಿದ್ರು ಅತ್ತೆ. ಇಳಿಸಿ ಅನ್ನಕ್ಕೆ ಸಂಕೋಚ ಆಯ್ತು. ನಿಮ್ಮ ದೇವರ ಪಟಕ್ಕೆ ಆಗುತ್ತೆ ಅಂತ ತಂದೆ.”

ಹೂ ಮಾರುವವಳ ಮನೆಗೆ, ಎದುರು ಸಾಲಿನವಳಿಂದ ಹೂ ಕೊಂಡು ತಂದ ಅಳಿಯ. ಮಗಳು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಾಳೆ. ಮೊಳ ಹಾಕಿ ನೋಡಿದೆ. ಒಂದು ಮಾರಿಗಿಂತ ಜಾಸ್ತಿಯೇ ಕೊಟ್ಟಿದ್ದಳು. ಆ ಹೂವನ್ನು ನಾನು ದೇವರಿಗೆ ಹಾಕಲಿಲ್ಲ. ದೇವರಿಗೆ ಬೇಕಿದ್ದರೆ ಅವಳ ಮನೆಗೆ ಹೋಗಲಿ.

ಇನ್ನು ಗೌರಿ ಹಬ್ಬದ ಕತೆ. ಬೋರ್ಡು ಬಂದು ಇನ್ನೂ ತಿಂಗಳಾಗಿರಲಿಲ್ಲ. ನಾನು ಓದಿದ್ದು ಎರಡನೇ ಕ್ಲಾಸು. ಬೋರ್ಡಿನ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಮುಂದೆ ಒಂದು ಗಾಡಿ ಬಂದು ನಿಲ್ಲುತ್ತಿತ್ತು. ಅವಳ ಸಾಲಿನಲ್ಲಿ ಪಂಕ್ಚರ್ ಹಾಕುವ ಸಾಬರಿದ್ದಾರೆ, ಹಳಬರು, ಅವರನ್ನು ಕೇಳಿದ್ದೆ. “ಒಂದು ದಿನ ಆ ಕಡೆ, ಒಂದು ದಿನ ಈ ಕಡೆ, ಅಷ್ಟೇ ಅಮ್ಮ” ಅಂದಿದ್ದರು. ನಾನು ಅದನ್ನೇ ಹಿಡಿದುಕೊಂಡಿದ್ದೆ. ತಾರೀಕು ನೋಡುತ್ತಿರಲಿಲ್ಲ. ನಿನ್ನೆ ಅವಳ ಕಡೆ ಇತ್ತೇ, ಸರಿ, ಇವತ್ತು ನನ್ನ ಕಡೆ.

ಆ ವರ್ಷ ಗೌರಿ ಹಬ್ಬ ತಿಂಗಳ ಒಂದನೇ ತಾರೀಕಿಗೆ ಬಂದಿತ್ತು. ಹಿಂದಿನ ದಿನ ನನ್ನ ಮುಂದೆ ಗಾಡಿಗಳ ಗೋಡೆ, ವ್ಯಾಪಾರ ಕೈಗೆ ಹತ್ತಲಿಲ್ಲ. ಹೋಗಲಿ, ನಾಳೆ ಹಬ್ಬದ ದಿನ ನನ್ನ ಮುಂದೆ ಖಾಲಿ ಅಂತ ಧೈರ್ಯ ಮಾಡಿ, ಮಾರನೇ ದಿನ ಮೊದಲ ಬಸ್ಸಿಗೆ ತುಮಕೂರಿನ ಹೂವಿನ ಮಾರುಕಟ್ಟೆಗೆ ಹೋಗಿ, ದಿನಾ ತರುವುದರ ಎರಡರಷ್ಟು ಕಾಕಡ ತಂದೆ. ಗೋಣಿ ಹಾಸಿ ಕೂತೆ. ಒಬ್ಬ ನೇರವಾಗಿ ನನ್ನ ಮುಂದೆಯೇ ಬೈಕ್ ತಂದು ಸ್ಟ್ಯಾಂಡ್ ಹಾಕಿದ.

“ಇವತ್ತು ಆ ಕಡೆ ಕಣಯ್ಯ” ಅಂದೆ.

“ಇಲ್ಲಜ್ಜಿ. ಇವತ್ತು ಒಂದನೇ ತಾರೀಕು. ಈ ಕಡೇನೇ.”

“ನೆನ್ನೆನೂ ಈ ಕಡೆ, ಇವತ್ತೂ ಈ ಕಡೇನಾ? ಹೂ ಮಾರೋಳ ಕಿವಿಗೇ ಹೂ ಇಡ್ತೀಯಾ?”

ಅವನು ತಲೆ ಚಚ್ಚಿಕೊಂಡು ಪಾತ್ರೆ ಅಂಗಡಿಗೆ ಹೋದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆಟೋದವನೊಬ್ಬನನ್ನು ಕರೆದು, ಇಬ್ಬರೂ ಸೇರಿ ಆ ಬೈಕನ್ನು ರಸ್ತೆ ದಾಟಿಸಿ ಅವಳ ಕಡೆ ನಿಲ್ಲಿಸಿಬಂದೆವು. ಸ್ವಲ್ಪ ಹೊತ್ತಿಗೆ ಪೊಲೀಸಿನವನು ಬಂದ. ಇಡೀ ಸಾಲಿನಲ್ಲಿ ತಪ್ಪು ಕಡೆ ನಿಂತಿದ್ದ ಗಾಡಿ ಅದೊಂದೇ. ದಂಡ ಹಾಕಲು ಮೆಷಿನ್ ತೆಗೆದ. ಬೈಕಿನವನು ಓಡಿಬಂದ.

“ನಾನು ಸರಿಯಾದ ಕಡೇನೇ ನಿಲ್ಲಿಸಿದ್ದೆ ಸಾರ್. ಆ ಮುದುಕಿ ಎಳೆದು ಹಾಕವ್ಳೆ. ದಂಡ ಅವಳೇ ಕಟ್ಲಿ, ಇಲ್ಲ ಅವಳ ಬುಟ್ಟಿ ಎತ್ತಾಕಿ.”

ಬುಟ್ಟಿ ಎತ್ತಿದರೆ ನನ್ನ ಹಬ್ಬ ಮುಗಿಯಿತು. ಪೊಲೀಸಿನವನು ನನ್ನ ಕಡೆ ತಿರುಗಿದ. ಅಷ್ಟರಲ್ಲಿ ಅವಳು ನಡುವೆ ಬಂದಳು.

“ಗಾಡಿ ಎಳಕಂಡಿದ್ದು ನಾನು ಸಾಮಿ. ಹೂ ನೇತಾಕಕ್ಕೆ ಗಾಡಿ ಬೇಕಿತ್ತು, ಇವತ್ತು ನಮ್ ಕಡೆ ಒಂದೂ ಇಲ್ವಲ್ಲ. ಹಬ್ಬದ ದಿನ, ಹೊಟ್ಟೆಗೆ ಹಾಕ್ಕಳಿ.”

ಪೊಲೀಸಿನವನು ನಕ್ಕುಬಿಟ್ಟ. ಬೈಕಿನವನೂ ನಕ್ಕ. “ನೀನಾ ಆಯಮ್ಮ, ಹೇಳಬಾರ್ದಾ” ಅಂದ. ಅವಳು ಅವನ ಹ್ಯಾಂಡಲಿಗೆ ಒಂದು ಮೊಳ ಕಾಕಡ ಕಟ್ಟಿ ಕಳಿಸಿದಳು. ಆಮೇಲೆ ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಮೆಲ್ಲಗೆ ಹೇಳಿದಳು:

“ಮೂವತ್ತೊಂದೂ ಬೆಸ, ಒಂದೂ ಬೆಸ ಅಕ್ಕ. ಮೂವತ್ತೊಂದು ಇರೋ ತಿಂಗಳು ಮುಗಿದ್ರೆ ನಿನ್ ಕಡೆಗೆ ಎರಡು ದಿನ ಒಟ್ಟಿಗೆ ಬತ್ತೈತೆ. ನಂಗೂ ಗೊತ್ತಿರ್ಲಿಲ್ಲ. ಈಗ ಸಾಬ್ರು ಹೇಳಿದ್ರು.”

ಅಂದರೆ ಕ್ಯಾಲೆಂಡರೂ ಅವಳ ಕಡೆಗೇ ಇತ್ತು. ವರ್ಷ ಪೂರ್ತಿ ಲೆಕ್ಕ ಹಾಕಿದರೆ ನನ್ನ ಮುಂದೆಯೇ ಗಾಡಿ ಜಾಸ್ತಿ ದಿನ. ಸಂಜೆ ಅವಳ ಬುಟ್ಟಿ ಬರಿದು, ನನ್ನದರಲ್ಲಿ ಅರ್ಧ ಕಾಕಡ ಬಾಡುತ್ತಾ ಬಿದ್ದಿತ್ತು. “ಕೊಡಕ್ಕ, ನಮ್ ಬೀದೀಲಿ ಮಾರಿಕೊಡ್ತೀನಿ” ಅಂದಳು. ಅವಳ ಕಣ್ಣೆದುರಿಗೇ ಅಷ್ಟನ್ನೂ ದನದ ಮುಂದೆ ಸುರಿದೆ. ಸುಳ್ಳು ಹೇಳಿ ನನ್ನನ್ನು ಉಳಿಸಿದಳು ಅಂತ ಬೀದಿಯವರು ಇವತ್ತಿಗೂ ಹೇಳುತ್ತಾರೆ. ಉಳಿಸು ಅಂತ ನಾನು ಕೇಳಿರಲಿಲ್ಲ.

ಕೊರೊನಾ ಬಂತು, ಬೀದಿ ಮುಚ್ಚಿತು, ತೆರೆಯಿತು. ಮತ್ತೆ ಜನ ತುಂಬಿದ ಮೇಲೆ ಈ ಸಮ-ಬೆಸ ಯಾರಿಗೂ ತಲೆಗೆ ಹತ್ತುತ್ತಿಲ್ಲ ಅಂತ ಅಂಗಡಿಯವರು ತಕರಾರು ತೆಗೆದರು. ಠಾಣೆಯಲ್ಲಿ ಮೀಟಿಂಗ್ ಇಟ್ಟರು. ಬೀದಿ ಬದಿ ಕೂರುವವರನ್ನೂ ಕರೆದರು. ಇನ್ನು ಮೇಲೆ ಒಂದು ಕಡೆ ಖಾಯಂ ಆಗಿ ಪಾರ್ಕಿಂಗ್, ಇನ್ನೊಂದು ಕಡೆ ಯಾವತ್ತೂ ಗಾಡಿ ನಿಲ್ಲುವ ಹಾಗಿಲ್ಲ. ಯಾವ ಕಡೆ ಯಾವುದು ಎಂದು ಅವತ್ತೇ ತೀರ್ಮಾನ. ನನಗೆ ಹಿಂದಿನ ರಾತ್ರಿ ನಿದ್ದೆ ಹತ್ತಿರಲಿಲ್ಲ. ಖಾಯಂ ಗೋಡೆ ನನ್ನ ಮುಂದೆ ಎದ್ದರೆ ನಾನು ಬುಟ್ಟಿ ಮಗುಚಿ ಮನೆಗೆ ಹೋಗಬೇಕಿತ್ತು.

ಎಲ್ಲರಿಗಿಂತ ಮೊದಲು ನಾನೇ ಎದ್ದೆ. “ಸಾಮಿ, ವರ್ಷದಾಗೆ ಬೆಸ ದಿನಾನೇ ಜಾಸ್ತಿ. ಇಷ್ಟು ದಿನ ನಾನು ಹೊತ್ತಿದೀನಿ. ಇನ್ನು ಗಾಡಿಗಳ್ನ ಆ ಕಡೆಗೇ ಹಾಕಿ.”

ಠಾಣೆಯ ಸಾಹೇಬರು ನಕ್ಕರು. ಅವಳ ಕಡೆ ನೋಡಿ, “ನೀನೇನಮ್ಮ ಹೇಳ್ತೀಯ?” ಅಂದರು.

ಇವಳು ಜಗಳಕ್ಕೆ ಬರಲಿ ಅಂತ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಿದ್ದೆ. ಅವಳು ಹೇಳಿದಳು: “ನಮ್ ಕಡೆಗೇ ಹಾಕ್ಬುಡಿ ಸಾಮಿ. ಅಕ್ಕನಿಗೆ ವಯಸ್ಸಾಯ್ತು. ಗಾಡಿಯೋರ ಜೊತೆ ದಿನಾ ಕಿತ್ತಾಡಕ್ಕೆ ತ್ರಾಣ ಇಲ್ಲ.”

ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸಾಹೇಬರು, “ನೋಡ್ರಪ್ಪ, ಇವರನ್ನು ನೋಡಿ ಕಲೀರಿ” ಅಂತ ಅಂಗಡಿಯವರಿಗೆ ಹೇಳಿದರು. ಕೇಳಿದ್ದು ಸಿಕ್ಕಿದ್ದು ನನಗೆ. ಚಪ್ಪಾಳೆ ಅವಳಿಗೆ. ಮನೆಯ ತನಕ ಆ ಸದ್ದು ನನ್ನ ಕಿವಿಯಲ್ಲಿತ್ತು.

ಹೊಸ ಬೋರ್ಡು ಬಂತು. ನನ್ನ ಮುಂದೆ ರಸ್ತೆ ನುಣ್ಣಗೆ ಖಾಲಿ. 'ನಿಲ್ಲಿಸುವಂತಿಲ್ಲ' ಅಂದರೆ ನಿಲ್ಲಿಸುವಂತೆಯೇ ಇಲ್ಲ, ಒಂದು ಕಾಲೂರಿ ಒಂದು ಮೊಳ ಕೊಳ್ಳುವುದಕ್ಕೂ ಇಲ್ಲ. ಮೊದಲಿನ ಹಾಗೆ ನೋಡಿ ನೋಡದಂತೆ ಬಿಡುತ್ತಿರಲಿಲ್ಲ. ಫೋಟೋ ಹೊಡೆದರೆ ದಂಡದ ಚೀಟಿ ಮನೆಗೇ ಬರುತ್ತಿತ್ತು. ದಿನವೂ ನನ್ನಲ್ಲಿ ಕೊಳ್ಳುತ್ತಿದ್ದವರು “ಫೋಟೋ ಹೊಡೀತಾರಜ್ಜಿ” ಅಂತ ಕೈಬೀಸಿ ಮುಂದಕ್ಕೆ ಹೋದರು. ಹೋಗಿ, ತಿರುಗಿಸಿಕೊಂಡು ಬಂದು, ಎದುರು ಸಾಲಿನಲ್ಲಿ ನಿಲ್ಲಿಸಿ, ಇಳಿದು, ಅವಳಲ್ಲಿ ಕೊಂಡರು. ಅಲ್ಲಿ ಈಗ ವರ್ಷ ಪೂರ್ತಿ ಬೈಕುಗಳು, ಎಲ್ಲದರ ಹ್ಯಾಂಡಲಿಗೂ ಹೂವು. ಆಯುಧ ಪೂಜೆ ಯಾವತ್ತು, ಬರೀ ದಿನ ಯಾವತ್ತು ಅಂತ ಗೊತ್ತಾಗುತ್ತಿರಲಿಲ್ಲ. ನಾನು ಬಸ್‌ ಸ್ಟ್ಯಾಂಡಿನ ಕಡೆ ಹೋಗೋಣವೆಂದರೆ ಅಲ್ಲಿ ಆಗಲೇ ಕೂತವರಿದ್ದರು. ಒಬ್ಬ ಹೂವಿನವಳ ಸಾಲಿನಲ್ಲಿ ಇನ್ನೊಬ್ಬಳು ಹೇಳದೆ ಕೇಳದೆ ಬುಟ್ಟಿ ಇಡುವುದಿಲ್ಲ, ನಮ್ಮಲ್ಲಿ ಅದೊಂದು ಮರ್ಯಾದೆ.

ಒಂದು ಮಧ್ಯಾಹ್ನ ತಡೆಯಲಾಗದೆ ರಸ್ತೆ ದಾಟಿ ಹೋಗಿ ಕೇಳಿಯೇಬಿಟ್ಟೆ.

“ಹಿಂಗಾಗುತ್ತೆ ಅಂತ ಗೊತ್ತಿದ್ದೇ ನಿನ್ ಕಡೆಗೆ ಹಾಕಿ ಅಂದ್ಯಾ?”

ಅವಳು ಕಟ್ಟುತ್ತಿದ್ದ ಮಾಲೆಯನ್ನು ತೊಡೆಯ ಮೇಲೆ ಇಟ್ಟಳು. “ಗಾಡಿ ಕಂಡ್ರೆ ನಿಂಗೆ ಆಗಾಕಿಲ್ಲ. ನಂಗೆ ಆಯ್ತದೆ. ಅದುಕ್ಕೆ ಕೇಳ್ದೆ. ಅದ್ರಾಗೆ ನಿಂಗೇನು ಕಿತ್ಕಂಡೆ ಹೇಳಕ್ಕ?”

ನಾನು ಕೇಳಿದ್ದು ನನಗೆ ಸಿಕ್ಕಿತ್ತು, ಅವಳು ಕೇಳಿದ್ದು ಅವಳಿಗೆ. ಹೌದು, ಗೊತ್ತಿದ್ದೇ ಮಾಡಿದೆ ಅಂದಿದ್ದರೆ ನಾನು ಬೀದಿಗೆಲ್ಲ ಕೇಳುವ ಹಾಗೆ ಬೈದು, ಮನೆಗೆ ಹೋಗಿ ನೆಮ್ಮದಿಯಾಗಿ ಉಣ್ಣುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ.

“ಈ ಕಡೆ ಬಂದುಬುಡು” ಅಂದಳು. “ನನ್ ಮಗ್ಗುಲಾಗೆ ಕೂತ್ಕೋ. ನೀನು ಕಾಕಡ ಇಟ್ಕೋ, ನಾನು ಸೇವಂತಿಗೆ ಇಟ್ಕಂತೀನಿ. ಇಬ್ರೂ ಉಣ್ಣಾನ.”

“ನಿನ್ ಮಗ್ಗುಲಾಗೆ ಕೂರೋ ಗತಿ ನಂಗಿನ್ನೂ ಬಂದಿಲ್ಲ” ಅಂದೆ.

“ಬಂದಾಗ ಬಾ” ಅಂದಳು. ವ್ಯಂಗ್ಯವಿರಲಿಲ್ಲ. ಸುಮ್ಮನೆ ಹೇಳಿದಳು.

ಆ ಗತಿ ಆಗಲೇ ಬಂದಿತ್ತು. ಆದರೂ ನಾನು ಹೋಗಲಿಲ್ಲ. ಹೋದರೆ ಆ ಜಾಗ ಅವಳು ಕೊಟ್ಟದ್ದಾಗುತ್ತದೆ. ನಾನು ಮಾರುವ ಒಂದೊಂದು ಮೊಳವೂ ಅವಳ ದಯೆ. ಜನ ಮತ್ತೆ ಚಪ್ಪಾಳೆ ತಟ್ಟುತ್ತಾರೆ. ಅದಕ್ಕಿಂತ ಎದುರಿಗೆ ಕೂತು ಬಾಡಿದ ಹೂವನ್ನು ಮನೆಗೆ ಹೊತ್ತುಕೊಂಡು ಹೋಗುವುದೇ ವಾಸಿ ಅಂದುಕೊಂಡೆ. ವರ್ಷಗಟ್ಟಲೆ ಹಾಗೇ ಹೊತ್ತೆ. ದೇವಸ್ಥಾನಕ್ಕೆ ನಡೆದು ಹೋಗುವ ಹೆಂಗಸರು ನಾಲ್ಕು ಜನ, ಪಾತ್ರೆ ಅಂಗಡಿಯ ಪಟಕ್ಕೆ ಒಂದು ಮೊಳ, ಅಷ್ಟರಲ್ಲಿ ನನ್ನ ಗಂಜಿ. ಅವಳು ತಿಂಗಳಿಗೊಮ್ಮೆಯಾದರೂ ಆ ಕಡೆಯಿಂದ ಕೂಗುತ್ತಿದ್ದಳು, “ಬತ್ತೀಯೇನಕ್ಕ?” ಅಂತ. ನಾನು ಕೇಳಿಸದವಳ ಹಾಗೆ ಹೂವಿಗೆ ನೀರು ಚಿಮುಕಿಸುತ್ತಿದ್ದೆ.

ಮೂರು ತಿಂಗಳ ಹಿಂದೆ ಎರಡು ದಿನ ಅವಳು ಬರಲಿಲ್ಲ, ಜ್ವರವಂತೆ ಅಂದರು. ಆ ಎರಡು ದಿನ ಬೈಕಿನವರು ಕೆಲವರು ರಸ್ತೆ ದಾಟಿ ನಡೆದು ಬಂದು ನನ್ನಲ್ಲಿ ಕೊಂಡರು. ಇನ್ನೊಂದು ವಾರ ಜ್ವರ ಬಿಡದಿರಲಿ ಅಂತ ಮನಸ್ಸಿನಲ್ಲಿ ಬಂದದ್ದು ನಿಜ. ಮೂರನೇ ದಿನ ಬೆಳಿಗ್ಗೆ ಸಾಬರು ಅಂಗಡಿ ತೆರೆಯದೆ ನೇರವಾಗಿ ನನ್ನ ಹತ್ತಿರ ಬಂದರು.

“ಹೋಗ್ಬಿಟ್ಲಮ್ಮ. ಎದೆ ನೋವು ಅಂತ ತುಮಕೂರಿಗೆ ಕರ್ಕೊಂಡು ಹೋಗಿದ್ರು. ಅಲ್ಲೇ ಆಗೋಯ್ತಂತೆ. ಮಧ್ಯಾಹ್ನಕ್ಕೆ ತರ್ತಾರೆ.”

“ಹೌದಾ” ಅಂದೆ. ಕೈಯಲ್ಲಿದ್ದ ಮಾಲೆ ಅರ್ಧವಾಗಿತ್ತು. ಪೂರ್ತಿ ಕಟ್ಟಿದೆ.

ಆಮೇಲೆ ಶುರುವಾಯಿತು. ಅವಳಿಗೆ ಹಾಕಲು ಹಾರ ಬೇಕು. ಬೀದಿಯಲ್ಲಿ ಉಳಿದಿದ್ದ ಹೂವಿನವಳು ನಾನೊಬ್ಬಳೇ. ಬೈಕುಗಳು ಒಂದರ ಹಿಂದೆ ಒಂದು ಬಂದು, ನಿಲ್ಲಿಸುವಂತಿಲ್ಲ ಎಂಬ ಬೋರ್ಡಿನ ಕೆಳಗೇ ನಿಂತವು. ಪೊಲೀಸಿನವನು ಬಂದ, ನೋಡಿದ. “ಇವತ್ತೊಂದಿನ ಇರ್ಲಿ” ಅಂತ ತಾನೂ ಒಂದು ಹಾರ ತೆಗೆದುಕೊಂಡು ಹೋದ. ಸುಗಂಧರಾಜ ಮುಗಿಯಿತು, ಸೇವಂತಿಗೆ ಮುಗಿಯಿತು, ಪಾತ್ರೆ ಅಂಗಡಿಯ ಹುಡುಗನನ್ನು ಬಸ್‌ ಸ್ಟ್ಯಾಂಡಿಗೆ ಓಡಿಸಿ ಅಲ್ಲಿಯವರ ಹತ್ತಿರ ಬಿಡಿ ಹೂವು ತರಿಸಿ ಕಟ್ಟಿದೆ. ಹೊಸ ಬೋರ್ಡು ಬಂದ ಮೇಲೆ ಅಂಥ ವ್ಯಾಪಾರವನ್ನು ನಾನು ಕಂಡಿರಲಿಲ್ಲ. ಅದೂ ಅವಳಿಂದಲೇ ಆಗಬೇಕಿತ್ತು.

ಬುಟ್ಟಿ ಖಾಲಿಯಾದ ಮೇಲೆ ನಾನೂ ಹೋದೆ. ಅವಳ ಮನೆ ಹಿಂದಿನ ಬೀದಿಯಲ್ಲಿ. ಬೀದಿಯ ಎರಡೂ ಕಡೆ ಗಾಡಿಗಳು, ತುದಿಯಿಂದ ತುದಿಗೆ, ನಡೆಯುವುದಕ್ಕೂ ಸಂದಿಯಿಲ್ಲ. ನಾನು ಸತ್ತರೆ ಎಷ್ಟು ಗಾಡಿ ಬರುತ್ತವೆ ಅಂತ ಯೋಚಿಸುತ್ತಾ ಅವುಗಳ ನಡುವೆ ನುಸುಳಿಕೊಂಡು ಹೋದೆ. ಅಳಿಯನ ಬೈಕ್ ಒಂದು. ಅದೂ ಅವತ್ತು ಕೆಟ್ಟಿರದಿದ್ದರೆ.

ಅವಳನ್ನು ಅಂಗಳದಲ್ಲಿ ಮಲಗಿಸಿದ್ದರು. ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ, ಅಷ್ಟು ಹಾರ. ಎಲ್ಲ ನನ್ನ ಕೈಯ ಕಟ್ಟು. “ಎಷ್ಟು ಲಕ್ಷಣವಾಗಿ ಕಾಣ್ತಾವ್ಳೆ ನೋಡು” ಅಂತ ಹೆಂಗಸೊಬ್ಬಳು ಅತ್ತಳು. ಹೂವು ಚೆನ್ನಾಗಿದೆ ಅಂತ ಯಾರೂ ಅನ್ನಲಿಲ್ಲ. ನನ್ನ ಕೈಯಲ್ಲಿ ಒಂದು ಎಸಳೂ ಉಳಿದಿರಲಿಲ್ಲ. ಬರಿಗೈಯಲ್ಲಿ ಬಂದು, ಬರಿಗೈ ಮುಗಿದು, ಅವಳನ್ನು ಎತ್ತುವ ಮೊದಲೇ ಹೊರಟುಬಂದೆ.

ಮಾರನೇ ದಿನ ಮೊದಲ ಬಸ್ಸಿಗೆ ತುಮಕೂರಿಗೆ ಹೋಗಿ ಹೂವು ತಂದೆ. ಬಸ್ಸಿಳಿದವಳು ಪಾತ್ರೆ ಅಂಗಡಿ ಸಾಲಿಗೆ ಹೋಗಲಿಲ್ಲ. ರಸ್ತೆ ದಾಟಿ, ಅವಳು ಕೂರುತ್ತಿದ್ದ ಜಾಗದಲ್ಲಿ ಬುಟ್ಟಿ ಇಳಿಸಿದೆ. ಸಾಬರು ಶಟರ್ ಎತ್ತುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು.

“ಹನ್ನೊಂದು ದಿನ ಆದ್ರೂ ಕಳೀಲಿ ಅಮ್ಮ. ಜನ ಏನಂದ್ಕೊಳ್ಳಲ್ಲ?”

“ಹನ್ನೊಂದು ದಿನ ಬಾಡ್ದೆ ಇರೋ ಹೂ ಇದ್ರೆ ಕೊಡಿ ಸಾಬ್ರೆ, ಕಾಯ್ತೀನಿ” ಅಂದೆ.

ಅವರು ಶಟರನ್ನು ಪೂರ್ತಿ ಎತ್ತಿದರು. ನಾನು ಗೋಣಿ ಹಾಸಿ ಕೂತೆ. ಒಬ್ಬ ಬೈಕ್ ತಂದು ಮುಂದೆ ನಿಲ್ಲಿಸಿದ. ಹೊರಗಿನವನಿರಬೇಕು, ಸುದ್ದಿ ಗೊತ್ತಿರಲಿಲ್ಲ. ಹೆಲ್ಮೆಟ್ ತೆಗೆದು ನನ್ನ ಮುಖವನ್ನೂ ಬುಟ್ಟಿಯನ್ನೂ ನೋಡಿ, “ಆಯಮ್ಮ ಎಲ್ಲಿ?” ಅಂದ.

“ನೆನ್ನೆ ಮಣ್ಣು ಮಾಡಿದ್ರು” ಅಂದೆ. “ಕಾಕಡ ಕೊಡ್ಲಾ, ಕನಕಾಂಬರ ಕೊಡ್ಲಾ?”